ಹುಳ ಹಣ್ಣಾದ ದಿನದ ಜಪಾನಿ ಪರೀಕ್ಷೆ

ನಮ್ಮ ಮನೆಯಲ್ಲಿ ಒಳ್ಳೆಯ ಕೋಣೆ ಹುಳಕ್ಕೆ, ಮಿಕ್ಕಿದ್ದು ನಮಗೆ. ರೇಷ್ಮೆ ಹುಳ ಸಾಕುವವರಿಗೆ ಇದು ಹೊಸ ಮಾತೇನಲ್ಲ. ನಡುಮನೆಯ ತುಂಬ ಬಿದಿರಿನ ತಟ್ಟೆಗಳು, ತಟ್ಟೆಗಳ ತುಂಬ ಹುಳ. ಅಪ್ಪ, ಅವ್ವ, ನಾನು ಮೂವರೂ ಅಡುಗೆಮನೆಯ ಮೂಲೆಯಲ್ಲೋ ಜಗಲಿಯ ಮೇಲೋ ಮುದುರಿಕೊಳ್ಳಬೇಕು. ಹುಳಕ್ಕೆ ವಾಸನೆ ಆಗದು ಅಂತ ನಾನು ಪೌಡರ್ ಹಚ್ಚುವಂತಿಲ್ಲ, ಅವ್ವ ಒಗ್ಗರಣೆಗೆ ಇಂಗು ಹಾಕುವಂತಿಲ್ಲ, ಅಪ್ಪ ಬೀಡಿ ಸೇದಬೇಕಾದರೆ ಬೇವಿನ ಮರದ ಆಚೆಗೆ ಹೋಗಬೇಕು. ಬೈರಾಪಟ್ಟಣದ ಆ ಮನೆಯಲ್ಲಿ ನಾನು ಜಪಾನಿ ಭಾಷೆ ಕಲಿತೆ. ಹಿಪ್ಪುನೇರಳೆ ಸೊಪ್ಪು ಹಾಕುತ್ತಾ, ಹುಳಗಳ ಎದುರಿಗೆ ಗಟ್ಟಿಯಾಗಿ ಉರು ಹೊಡೆದು ಕಲಿತೆ.

ಆ ಹುಚ್ಚು ಹತ್ತಿಸಿದ್ದು ಬಿಡದಿ. ಅಲ್ಲಿ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಬಿ.ಕಾಂ. ಮುಗಿಸಿ ಕೂತಿದ್ದ ನಾನು ಒಂದು ಕಾರ್ಖಾನೆಯ ಆಫೀಸಿಗೆ ಅರ್ಜಿ ಹಿಡಿದು ಹೋದೆ. ಅಲ್ಲಿನ ಮ್ಯಾನೇಜರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಲೆಕ್ಕ ಬರೆಯುವವರು ಬೇಕಾದಷ್ಟು ಜನ ಇದ್ದಾರಮ್ಮ. ಜಪಾನಿನಿಂದ ಬಂದವರ ಹತ್ತಿರ ನಾಲ್ಕು ಮಾತಾಡುವವರು, ಅಲ್ಲಿಂದ ಬರುವ ಕಾಗದ ಯಾವ ವಿಷಯದ್ದು ಅಂತ ಗುರುತು ಹಿಡಿಯುವವರು ಸಿಗುತ್ತಿಲ್ಲ. ಯೂನಿವರ್ಸಿಟಿಯ ಜಪಾನಿ ಭಾಷೆಯ ಮೊದಲ ಹಂತದ ಸರ್ಟಿಫಿಕೇಟ್ ತಗೊಂಡು ಬಾ, ನೋಡೋಣ" ಅಂದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆಯ್ತು, ತಂದೇ ತರುತ್ತೇನೆ ಅಂತ ಅಲ್ಲೇ ತೀರ್ಮಾನಿಸಿಬಿಟ್ಟೆ.

ಸೊಪ್ಪಿನ ತೋಟ ನೋಡಿಕೊಳ್ಳುವ ಅಪ್ಪ ಯಾವುದಕ್ಕೂ ಬೇಡ ಅನ್ನುವವನಲ್ಲ. ಅವ್ವ ಹಾಗಲ್ಲ. ಹುಳದ ಮನೆಗೆ ಅವಳೇ ಯಜಮಾನಿ, ಅವಳಿಗಿದ್ದ ಇನ್ನೊಂದು ಜೊತೆ ಕೈ ನಾನು. "ಒಂದು ವರ್ಸ ಬುಟ್ಟಿವ್ನಿ. ಪಾಸಾದ್ರೆ ಬಿಡದಿ. ಇಲ್ದಿದ್ರೆ ಬಾಯಿ ಮುಚ್ಕೊಂಡು ಸೊಪ್ಪು ಕುಯ್ಯದು. ಆಮೇಲೆ ಇನ್ನೊಂದು ವರ್ಸ ಅಂತ ರಾಗ ಎಳೀಬ್ಯಾಡ" ಅಂದಳು. ಆ ಮಾತು ತಮಾಷೆಯದಲ್ಲ ಅಂತ ನನಗೆ ಗೊತ್ತಿತ್ತು.

ಹಾಗೆ ಪ್ರತಿ ಭಾನುವಾರ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ, ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಬೆಂಗಳೂರಿಗೆ, ಯೂನಿವರ್ಸಿಟಿಯ ಜಪಾನಿ ಕ್ಲಾಸಿಗೆ ಹೋಗತೊಡಗಿದೆ. ಕಲಿಸುತ್ತಿದ್ದವರು ಬೆಂಗಳೂರಿನವರೇ ಆದ ಒಬ್ಬ ಮೇಡಂ. ಗಂಡನ ಕೆಲಸದ ದೆಸೆಯಿಂದ ಬಹಳ ವರ್ಷ ಜಪಾನಿನಲ್ಲಿದ್ದು ಬಂದವರು. ಕ್ಲಾಸಿನಲ್ಲಿ ಹೆಚ್ಚಿನವರು ಪೇಟೆಯ ಇಂಗ್ಲಿಷ್ ಮೀಡಿಯಂ ಮಂದಿ. ಜಪಾನಿಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಅಂತ ಮೇಡಂ ಹೇಳಿದಾಗ ಅವರೆಲ್ಲ ತಲೆ ಮೇಲೆ ಕೈ ಹೊತ್ತುಕೊಂಡರು. ನನಗೆ ಅದರಲ್ಲಿ ಏನು ವಿಶೇಷ ಅಂತಲೇ ಗೊತ್ತಾಗಲಿಲ್ಲ. ಕೊನೆಗಲ್ಲದೆ ಇನ್ನೆಲ್ಲಿಗೆ ಬರಬೇಕು? ಮೊದಲ ತಿಂಗಳು ನಾನು ಬೀಗಿದ್ದೇ ಬೀಗಿದ್ದು. ಅಕ್ಷರಗಳು ಶುರುವಾದ ಮೇಲೆ ಆ ಜಂಬ ಇಳಿಯಿತು. ಒಂದು ಭಾಷೆಗೆ ಮೂರು ಬಗೆಯ ಲಿಪಿ ಯಾಕೆ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಎಳೆ ಹುಳದ ತಟ್ಟೆಗೆ ಹಳೇ ಪೇಪರ್ ಹಾಸುತ್ತೇವೆ. ಅದರ ಅಂಚಿನ ಬಿಳಿ ಜಾಗದಲ್ಲೆಲ್ಲ ಪೆನ್ಸಿಲಿನಿಂದ ಜಪಾನಿ ಅಕ್ಷರ ತಿದ್ದುತ್ತಿದ್ದೆ. "ಅದ್ರ ಮ್ಯಾಲೆ ಮಲ್ಗಿದ್ ಹುಳ ಎಂತಾ ಗೂಡು ಕಟ್ತದೋ ಸಿವನೇ ಬಲ್ಲ" ಅಂತ ಅವ್ವ ಗೊಣಗುತ್ತಿದ್ದಳು. ಪುಸ್ತಕದಲ್ಲಿದ್ದ ಸಂಭಾಷಣೆಗಳನ್ನು ಎರಡು ದನಿಯಲ್ಲಿ ಹೇಳಿಕೊಳ್ಳುವುದು ನನ್ನ ಪದ್ಧತಿ. ಅಂಗಡಿಯವನೂ ನಾನೇ, ಗಿರಾಕಿಯೂ ನಾನೇ. ಅವ್ವ ಪಕ್ಕದಲ್ಲೇ ಸೊಪ್ಪು ಕತ್ತರಿಸುತ್ತಾ, "ಒಬ್ಬಳೇ ಇಬ್ಬರಂಗೆ ಮಾತಾಡ್ತಾವ್ಳೆ, ಯಾರಾದ್ರೂ ಕಂಡ್ರೆ ಮಂತ್ರ ಹಾಕ್ಸು ಅಂದಾರು" ಅನ್ನುತ್ತಿದ್ದಳು.

ಒಂದು ಪಾಠ ಮಾತ್ರ ಅವಳಿಗೆ ಹಿಡಿಸಿತು. ಮನೆ ಬಿಟ್ಟು ಹೊರಡುವವರು ಜಪಾನಿನಲ್ಲಿ "ಇತ್ತೆ ಕಿಮಾಸು" ಅನ್ನುತ್ತಾರೆ, ಅಂದರೆ ಹೋಗಿ ಬರುತ್ತೇನೆ. ಮನೆಯಲ್ಲಿ ಉಳಿದವರು "ಇತ್ತೆರಶ್ಶಾಯ್" ಅನ್ನುತ್ತಾರೆ, ಹೋಗಿ ಬಾ. ನಮ್ಮಲ್ಲೂ ಹೊಸ್ತಿಲಲ್ಲಿ ನಿಂತು ಬರೀ ಹೋಗುತ್ತೇನೆ ಅಂದವರಿಗೆ ಬೈಗುಳ ತಪ್ಪದು. ನಾನು ಅಮೆರಿಕ ಕಂಡುಹಿಡಿದವಳ ಹಾಗೆ, "ಅವ್ರೂ ಹೋಯ್ತೀನಿ ಅನ್ನಲ್ವಂತೆ ಕಣವ್ವ, ಹೋಗಿ ಬತ್ತೀನಿ ಅಂತಾರಂತೆ" ಅಂದೆ.

"ಅನ್ನದೆ ಮತ್ತೆ? ಅವ್ರೇನು ಮನ್ಸರಲ್ವಾ?" ಅಂದು ಅವ್ವ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಒಳಗೆ ಹೋದಳು.

ಇನ್ನೊಂದು ಪಾಠ, 'ಇಲ್ಲ' ಅನ್ನುವುದು ಹೇಗೆ ಎಂಬುದು. ಜಪಾನಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಬಾರದು. "ಚೊತ್ತೊ" ಅಂತ ಎಳೆದು, ಮಿಕ್ಕದ್ದನ್ನು ನುಂಗಿಕೊಳ್ಳಬೇಕು. ಚೊತ್ತೊ ಅಂದರೆ ನಮ್ಮ ಒಸಿ, ಸ್ವಲ್ಪ. "ಹಿರಿಯರಿಗಂತೂ ಯಾವತ್ತೂ 'ದಮೆ' ಅನ್ನಬೇಡಿ, ಆಗಲ್ಲ ಹೋಗು ಅಂದ ಹಾಗಾಗುತ್ತೆ" ಅಂತ ಮೇಡಂ ಮೂರು ವಾರ ಇದನ್ನೇ ತಿದ್ದಿದರು. ನಾನು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸಿದ್ದೆ.

ವರ್ಷ ಮುಗಿಯುತ್ತ ಬಂತು. ಬರವಣಿಗೆ ಪರೀಕ್ಷೆ ಹಾಗೂ ಹೀಗೂ ಮುಗಿಯಿತು. ಉಳಿದದ್ದು ಮೌಖಿಕ, ಅದರಲ್ಲಿ ಪಾಸಾಗದಿದ್ದರೆ ಸರ್ಟಿಫಿಕೇಟ್ ಇಲ್ಲ. ನನ್ನ ಪರಿಚಯವನ್ನು ನಾನೇ ಮಾಡಿಕೊಳ್ಳುವ ಮೂರು ಪುಟ ಬರೆದು, ಎಲ್ಲೂ ತಡವರಿಸದ ಹಾಗೆ ಬಾಯಿಪಾಠ ಮಾಡಿದೆ. ಆರು ಗಂಟೆಗೆ ಏಳುತ್ತೇನೆ, ಕಾಫಿ ಕುಡಿಯುತ್ತೇನೆ, ಪೇಪರ್ ಓದುತ್ತೇನೆ, ಸಂಗೀತ ಕೇಳುತ್ತೇನೆ. ಎಲ್ಲ ಪುಸ್ತಕದಿಂದ ಎತ್ತಿದ ಸುಳ್ಳು. ಆರು ಗಂಟೆಗೆ ನಮ್ಮ ಮನೆಯಲ್ಲಿ ಹುಳಕ್ಕೆ ಮೊದಲ ಸೊಪ್ಪು ಬಿದ್ದು, ನನ್ನ ಬೆನ್ನು ಆಗಲೇ ನೋಯುತ್ತಿರುತ್ತಿತ್ತು.

ಮೌಖಿಕ ಪರೀಕ್ಷೆಯ ಆ ಭಾನುವಾರ ನಸುಕಿಗೇ ಅವ್ವ ಎಬ್ಬಿಸಿದಳು. ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ಸೊಪ್ಪು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ, ಚಂದ್ರಿಕೆ ಅಂತ ನಾವು ಕರೆಯುವ ಸುರುಳಿ ಸುರುಳಿ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಕಂಡ ಕಂಡ ಮೂಲೆಯಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. ಕೆಲಸಕ್ಕೆ ಕೆಲಸ ಅಂತ ಮುಯ್ಯಿಗೆ ಬಂದ ನೆರೆಯ ಹೆಂಗಸರ ಜೊತೆ ನಾನೂ ಕೂತೆ. ಪರೀಕ್ಷೆಯ ಮಾತನ್ನು ನಾನು ಎತ್ತಲಿಲ್ಲ. ಎತ್ತಿದರೆ ಅವ್ವ ಬೇಡ ಅಂದಾಳು ಅಂತ ಭಯ. ಎತ್ತದಿದ್ದರೆ ರೈಲು ತಪ್ಪುತ್ತದೆ. ಕೊನೆಗೆ ಅವಳೇ, ಕೈಯಲ್ಲಿದ್ದ ಹುಳದಿಂದ ಕಣ್ಣೆತ್ತದೆ, "ಇನ್ನೂ ಯಾಕೆ ಕುಂತಿದ್ದೀಯೆ? ರೈಲೇನು ನಿಮ್ಮಪ್ಪಂದಾ?" ಅಂದಳು. ಮೊಳೆಗೆ ತೂಗುಹಾಕಿದ್ದ ಬಟ್ಟೆ ಬ್ಯಾಗು ಎಳೆದುಕೊಂಡು ಓಡಿದೆ.

ಪರೀಕ್ಷೆಯ ಕೋಣೆಯಲ್ಲಿ ಮೇಡಂ ಪಕ್ಕ ಒಬ್ಬ ವಯಸ್ಸಾದ ಜಪಾನಿ ಯಜಮಾನರು ಕೂತಿದ್ದರು, ಹೊರಗಿನಿಂದ ಬಂದ ಪರೀಕ್ಷಕರು. ತಲೆಬಾಗಿ ನಮಸ್ಕರಿಸಿ ಮೂರು ಪುಟದ ನಲ್ಲಿ ತಿರುಗಿಸಿದೆ. ಕಾಫಿ ಕುಡಿಯುವಲ್ಲಿಗೆ ಬಂದಾಗ ಅವರು ಕೈ ಎತ್ತಿ ತಡೆದು, ಇವತ್ತು ಬೆಳಿಗ್ಗೆ ಏನು ಮಾಡಿದಿರಿ ಅಂತ ಕೇಳಿದರು. ಅದು ಮೂರು ಪುಟದಲ್ಲಿರಲಿಲ್ಲ. ಪ್ರಶ್ನೆ ಅರ್ಥವಾಯಿತು, ಉತ್ತರ ಬರಲಿಲ್ಲ. ಮೇಡಂ ನನಗಿಂತ ಹೆಚ್ಚು ಬೆವರುತ್ತಿದ್ದರು. ಒಂದು ವರ್ಷದ ರೈಲು, ಅವ್ವನ ಗೊಣಗಾಟ, ಬಿಡದಿ, ಎಲ್ಲ ಮುಗಿಯಿತು ಅನ್ನಿಸಿ ಕಣ್ಣು ತುಂಬಿತು.

ಅಷ್ಟರಲ್ಲಿ ಯಜಮಾನರು ನನ್ನ ಮಡಿಲಲ್ಲಿದ್ದ ಬ್ಯಾಗಿನ ಕಡೆ ಬಗ್ಗಿ ನೋಡಿ, "ಕೊರೆ ವ ನಾನ್ ದೆಸು ಕಾ?" ಅಂದರು. ಇದೇನು? ಮೊದಲ ದಿನದ ಮೊದಲ ವಾಕ್ಯ.

ನೋಡಿದೆ. ಬ್ಯಾಗಿನ ಹಿಡಿಯ ಮಡಿಕೆಯಲ್ಲಿ ಒಂದು ಹಣ್ಣು ಹುಳ. ಚನ್ನಪಟ್ಟಣದಿಂದ ಬೆಂಗಳೂರಿನವರೆಗೆ ಟಿಕೆಟ್ ಇಲ್ಲದೆ ಬಂದು, ತನ್ನ ಪಾಡಿಗೆ ತಲೆ ತೂಗುತ್ತಾ ಗೂಡು ಕಟ್ಟುತ್ತಿತ್ತು. ಸುತ್ತ ಆಗಲೇ ತೆಳ್ಳಗೆ ನೂಲಿನ ಪೊರೆ. "ಹುಳ. ನಮ್ಮ ಮನೆಯ ಹುಳ" ಅಂದೆ ಜಪಾನಿಯಲ್ಲಿ. ಆಮೇಲೆ ಬಾಯಿಗೆ ಕಡಿವಾಣ ಇರಲಿಲ್ಲ. ಎಲೆ ತಿನ್ನುತ್ತದೆ. ನಾಲ್ಕು ಸಲ ಮಲಗಿ ಪೊರೆ ಬಿಡುತ್ತದೆ. ಇವತ್ತು ಬೆಳಿಗ್ಗೆ ಅವ್ವ ಎಬ್ಬಿಸಿದಳು. ಎಲ್ಲರೂ ಆರಿಸಿದೆವು. ಅವ್ವ ಈಗಲೂ ಆರಿಸುತ್ತಿದ್ದಾಳೆ. ಮನೆಯ ದೊಡ್ಡ ಕೋಣೆ ಹುಳದ್ದು, ಚಿಕ್ಕದು ನಮ್ಮದು. ಗೊತ್ತಿಲ್ಲದ ಪದ ಬಂದಲ್ಲಿ ಕೈಯಲ್ಲೇ ಮಾಡಿ ತೋರಿಸಿದೆ. ಆ ಯಜಮಾನರು ಮೇಜಿನ ಮೇಲೆ ಮೊಣಕೈ ಊರಿ ಮಗುವಿನ ಹಾಗೆ ಕೇಳಿದರು. ಕೊನೆಗೆ ಎರಡೂ ಕೈ ಮುಂದೆ ಚಾಚಿ, ಇದನ್ನು ನನಗೆ ಕೊಡುತ್ತೀರಾ ಅಂದರು.

ಸುಗ್ಗಿ ಮುಗಿದು ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವ ತನಕ ಒಂದು ಹುಳವನ್ನೂ ಹೊರಗಿನವರ ಕೈಗೆ ಕೊಡಬಾರದು, ಕೊಟ್ಟರೆ ಬೆಳೆ ಕೈಬಿಡುತ್ತದೆ. ಇದು ಅವ್ವನ ಶಾಸನ. ಹಾಲು ಕುಡಿಯುವಾಗಿನಿಂದ ಕೇಳಿದ ಮಾತು. ಬ್ಯಾಗನ್ನು ಎದೆಗೆ ಅವುಚಿಕೊಂಡು, "ದಮೆ ದೆಸು!" ಅಂದುಬಿಟ್ಟೆ.

ಮೇಡಂ ಕಣ್ಣು ಮುಚ್ಚಿಕೊಂಡರು. ಯಜಮಾನರು ಕೈ ಹಿಂದಕ್ಕೆ ತೆಗೆದುಕೊಂಡು, ತಲೆ ತಗ್ಗಿಸಿ, ಪೆನ್ನು ಎತ್ತಿಕೊಂಡು ಏನೋ ಬರೆದರು. ಹೋಗಬಹುದು ಅಂದರು.

ವಾಪಸು ಬರುವಾಗ ರೈಲು ಬಿಡದಿಯಲ್ಲಿ ನಿಂತಿತು. ಕಿಟಕಿಯಾಚೆ ನೋಡಲು ಮನಸ್ಸಾಗದೆ ಹುಳವನ್ನೇ ನೋಡುತ್ತಾ ಕೂತೆ. ಮನೆಗೆ ಬಂದವಳೇ ಬ್ಯಾಗನ್ನು ಅವ್ವನ ಮುಂದೆ ಇಟ್ಟು, ನಡೆದದ್ದೆಲ್ಲ ಹೇಳಿ, "ತಗೋ ನಿನ್ ಹುಳ, ಇದ್ಕೇ ನಾನು ಫೇಲಾದೆ" ಅಂತ ಅತ್ತೆ.

ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೆ! ಅಷ್ಟು ದೂರದಿಂದ ಬಂದೋರು, ವಯಸ್ಸಾದೋರು, ಒಂದು ಹುಳ ಕೇಳವ್ರೆ. ಕೊಟ್ಟು ಬರ್ಬಾರ್ದಾಗಿತ್ತಾ?"

"ನೀನೇ ಅಲ್ವಾ ಯಾರ್ಗೂ ಕೊಡ್ಬಾರ್ದು ಅಂದಿದ್ದು?"

"ಅದು ಎದುರುಮನೆಯೋಳ್ಗೆ ಕಣೆ! ಅವಳ ಕಣ್ಣು ಸುಮ್ಕಿರಕ್ಕಿಲ್ಲ ಅಂತ ಯೋಳಿದ್ದು. ಜಪಾನ್ನೋರ ಕಣ್ಣು ಇಲ್ಲಿಗಂಟ ಬಂದು ತಾಗ್ತದಾ?"

ಆ ಸಲ ಬೆಳೆ ಚೆನ್ನಾಗಿಯೇ ಬಂತು. ಗೂಡನ್ನು ಮಾರ್ಕೆಟ್ಟಿಗೆ ಕಳಿಸುವ ಮೊದಲು ಅವ್ವ ಒಂದು ಬೊಗಸೆಯಷ್ಟು ಎತ್ತಿಟ್ಟು, ಬಟ್ಟೆಯಲ್ಲಿ ಸುರಿದು, ಬ್ಯಾಗಿನಲ್ಲಿ ಆ ಹುಳ ಕಟ್ಟಿದ ಗೂಡನ್ನು ಮೇಲಿಟ್ಟು ಗಂಟು ಕಟ್ಟಿದಳು. ಫಲಿತಾಂಶ ನೋಡಲು ಹೊರಟಾಗ, "ಪಾಸೋ ನಪಾಸೋ, ಇದನ್ನ ಅವ್ರಿಗೆ ತಲುಪ್ಸು" ಅಂದಳು.

ಪಟ್ಟಿಯಲ್ಲಿ ನನ್ನ ನಂಬರು ಇತ್ತು. ಮೂರು ಸಲ ನೋಡಿದೆ, ಇತ್ತು. ಮೇಡಂ ಕೋಣೆಗೆ ಕರೆದು, "ನೀನು ದಮೆ ಅಂದಾಗ ನನ್ನ ಎದೆ ಧಸಕ್ ಅಂತು ಕಣಮ್ಮ. ನೀನು ಆಚೆ ಹೋದ ಮೇಲೆ ಆ ಯಜಮಾನರು ಕಣ್ಣೀರು ಬರೋ ಹಾಗೆ ನಕ್ಕರು. ಅವರ ಅಜ್ಜಿನೂ ಹುಳ ಸಾಕ್ತಿದ್ದರಂತೆ. ಚಿಕ್ಕವರಿದ್ದಾಗ ಒಂದು ಹುಳ ಕೇಳಿದ್ದಕ್ಕೆ ಅಜ್ಜಿ ಇದೇ ಮಾತು, ಇದೇ ದನಿಯಲ್ಲಿ ಅಂದಿದ್ದರಂತೆ" ಅಂದರು. ಗಂಟನ್ನು ಮೇಡಂ ಕೈಗೆ ಕೊಟ್ಟೆ. ಯಜಮಾನರಿಗೆ ಅಂಚೆಯಲ್ಲಿ ಕಳಿಸುತ್ತೇನೆ ಅಂತ ಮಾತು ಕೊಟ್ಟರು.

ಬಿಡದಿಯ ಆಫೀಸಿಗೆ ಮೊದಲ ದಿನ ಹೊರಟ ಬೆಳಿಗ್ಗೆ ಅವ್ವ ಆಚೆ ಬರಲಿಲ್ಲ. ಒಳಗೆ ಹೊಸ ಬೆಳೆಯ ಎಳೆ ಹುಳ, ಸೊಪ್ಪು ಹಾಕಲು ಅವಳೊಬ್ಬಳೇ. ಇನ್ನು ಮೇಲೆ ದಿನವೂ ಅವಳೊಬ್ಬಳೇ ಅನ್ನುವುದು ಆಗ ನನಗೆ ಹೊಳೆದು, ಹೊಸ್ತಿಲಲ್ಲೇ ನಿಂತೆ. ಒಂದು ವರ್ಷದ ಮಾತು ಮುಗಿದಿತ್ತು, ಮಾತಿನಂತೆ ಅವಳು ನನ್ನನ್ನು ಬಿಟ್ಟಿದ್ದಳು. ಆದರೂ ಮುನಿಸಿಕೊಂಡಿದ್ದಾಳೇನೋ ಅನ್ನಿಸಿತು. "ಹೋಗ್ಬುಟ್ಟು ಬತ್ತೀನಿ ಕಣವ್ವ" ಅಂತ ಕೂಗಿದೆ.

ಒಳಗೆ ಸೊಪ್ಪು ಕತ್ತರಿಸುವ ಸದ್ದು ನಿಂತಿತು.

"ಇತ್ತೆರಶ್ಶಾಯ್" ಅಂದಳು ಅವ್ವ, ಒಂದು ಅಕ್ಷರ ತಪ್ಪಿಲ್ಲದೆ. "ಬಾಗ್ಲು ಎಳ್ಕೊಂಡು ಹೋಗು, ನೊಣ ಬತ್ತವೆ."