ಅಭ್ಯಾಸಕ್ಕೆಂದು ನೆಟ್ಟ ಗೂಟಗಳು

"ಗೂಟ ಕಿತ್ಕಳ್ರಪ್ಪ, ನಿಮ್ ಕಾಲಿಗೆ ಬೀಳ್ತೀನಿ" ಎನ್ನುತ್ತಾ ವಿಧವೆ ತಾಯಿಯೊಬ್ಬರು ನಮ್ಮ ಸರ್ವೆ ಯಂತ್ರದ ಮುಂದೆ ಕುಳಿತುಬಿಟ್ಟರು. ಎಂಬತ್ತರ ದಶಕದ ಆರಂಭ. ಹಾರನಹಳ್ಳಿಯ ಹತ್ತಿರ ನಮ್ಮ ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಸರ್ವೆ ಕ್ಯಾಂಪ್ ನಡೆದಿತ್ತು. ಅಲ್ಲೊಂದು ಕೆರೆ ಕಟ್ಟಿದರೆ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಅಳೆದು ನಕ್ಷೆ ಬರೆಯುವುದು ನಮ್ಮ ಪಾಠ. ಯಾರೂ ಕಟ್ಟುವ ಕೆರೆಯಲ್ಲ, ಪರೀಕ್ಷೆಯ ಅಂಕಕ್ಕಾಗಿ ಬರೆಯುವ ಕೆರೆ. ನೀರು ನಿಲ್ಲುವ ಗೆರೆ ಆ ತಾಯಿಯ ತೆಂಗಿನ ತೋಟವನ್ನೂ ಒಳಗೆ ಹಾಕಿಕೊಂಡು ಅದರಾಚೆಗೆ ಹಾದಿತ್ತು. ಅಲ್ಲೆಲ್ಲ ಕೆಂಪು ಬಟ್ಟೆ ಕಟ್ಟಿದ ಗೂಟ ನೆಟ್ಟಿದ್ದೆವು.

ತೋಟ ಮುಳುಗುತ್ತದಂತೆ ಎಂಬ ಸುದ್ದಿ ಅರಸೀಕೆರೆಗೆ ಮುಟ್ಟಿ, ಅವರ ಮಗಳಿಗೆ ನಿಶ್ಚಯವಾಗಿದ್ದ ಗಂಡಿನ ಕಡೆಯವರು ಸಂಬಂಧವೇ ಬೇಡ ಎಂದಿದ್ದರು. ಇದನ್ನು ಕೇಳಿ ಅಂದೇ ನಮ್ಮ ಮೇಷ್ಟ್ರು ಆ ತಾಯಿಯನ್ನೂ ನನ್ನನ್ನೂ ಬಸ್ಸು ಹತ್ತಿಸಿಕೊಂಡು ಅರಸೀಕೆರೆಯ ಗಂಡಿನ ಮನೆಗೆ ಹೋದರು. ಗಂಡಿನ ತಂದೆ ಕೊಬ್ಬರಿ ವ್ಯಾಪಾರಿ. ಅದು ಬರೀ ಹುಡುಗರ ಅಭ್ಯಾಸ, ಕೆರೆ ಬರುವುದಿಲ್ಲ ಎಂದು ಮೇಷ್ಟ್ರು ಮತ್ತೆ ಮತ್ತೆ ಹೇಳಿದರು. ವ್ಯಾಪಾರಿ ಸಣ್ಣಗೆ ನಕ್ಕರು.

"ಇಷ್ಟು ಜನ ಬಿಸಿಲಲ್ಲಿ ಸುಮ್ನೆ ಅಳೀತಾರಾ ಸ್ವಾಮಿ? ಮೊದ್ಲು ಎಲ್ಲಾರೂ ಹಿಂಗೇ ಹೇಳೋದು. ಆಮೇಲೆ ನೀರು ನಿಲ್ತೈತೆ."

ತಾಯಿ ಎದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕುಳಿತಿದ್ದರು. ಆ ಮದುವೆ ನಡೆಯಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ನಿಜವಾದ ಕೆರೆ, ಕಾಲುವೆಗಳನ್ನು ಎಷ್ಟೋ ಅಳೆದೆ. "ನಮ್ಗೇನೂ ಆಗಲ್ವಾ ಸಾರ್?" ಎಂದು ರೈತರು ಕೇಳುತ್ತಾರೆ. ಏನೂ ಆಗುವುದಿಲ್ಲವೆಂದು ಖಚಿತವಾಗಿ ಗೊತ್ತಿದ್ದಾಗಲೂ ಆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.