ವಿಭೂತಿಯಲ್ಲಿ ತಿಕ್ಕಿದ ಐದು ಕ್ರೋನ್

೨೦೦೧ನೇ ಇಸವಿ. ಮ್ಯಾನ್‌ಹಟ್ಟನ್‌ನ ಒಂದು ನಾಣ್ಯ ಪರೀಕ್ಷಾ ಸಂಸ್ಥೆಯಲ್ಲಿ ನಾನು ಹಿರಿಯ ಪರೀಕ್ಷಕಿಯಾಗಿದ್ದೆ. ಯುರೋಪಿನ ಬೆಳ್ಳಿ ನಾಣ್ಯಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು.

ಆ ಸಲ ಬಂದದ್ದು ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನದ ೧೯೦೪ರ, ಐದು ಕ್ರೋನ್ ಮೌಲ್ಯದ ಒಂದು ನಾಣ್ಯ. ಆ ಸಂಸ್ಥಾನಕ್ಕೆ ಸ್ವಂತ ಟಂಕಸಾಲೆ ಇರಲಿಲ್ಲ. ನಾಣ್ಯದ ಮೇಲಿನ ಮುಖ ಅವರ ರಾಜನದು, ಅಚ್ಚು ಹಾಕುವುದು ಮಾತ್ರ ವಿಯೆನ್ನಾದಲ್ಲಿ. ಮೊದಲ ಮಹಾಯುದ್ಧದ ನಂತರ ಕ್ರೋನ್ ನೆಲಕಚ್ಚಿದಾಗ ಅವರು ಸ್ವಿಸ್ ಫ್ರಾಂಕ್‌ಗೆ ಹೋದರು. ಹೀಗಾಗಿ ಹಳೆಯ ಕ್ರೋನ್‌ಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ, ಬೇಡಿಕೆಯ ಹಿಂದೆಯೇ ಖೋಟಾ.

ನಾಣ್ಯವನ್ನು ಮಾರಿದವನು ನಗರದಾಚೆಯ ಕೆಂಡಲ್ ಪಾರ್ಕ್‌ನ ಸಾಫ್ಟ್‌ವೇರ್ ಎಂಜಿನಿಯರ್ ಮಹಾಂತೇಶ. ನೆರೆಮನೆಯ ಆಸ್ಟ್ರಿಯನ್ ಮುದುಕ ಮನೆ ಖಾಲಿ ಮಾಡುವಾಗ ಅವನಿಗೆ ಕೊಟ್ಟದ್ದಂತೆ. ಕೊಂಡ ವ್ಯಾಪಾರಿಗೆ ಅನುಮಾನ ಬಂದು ನಮಗೆ ಕಳಿಸಿದ್ದ. ಖೋಟಾ ಎಂದು ವರದಿ ಬಂದರೆ ಪೊಲೀಸರಿಗೆ ದೂರು ಕೊಡುವುದಾಗಿಯೂ ಹೇಳಿದ್ದ. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದ ಮೇಲಿದ್ದ ಮಹಾಂತೇಶನ ಬದುಕು ಅಲ್ಲೋಲಕಲ್ಲೋಲವಾಗಲು ಅಷ್ಟು ಸಾಕಿತ್ತು.

ನಮ್ಮ ಮುಖ್ಯಸ್ಥ ರಿಚರ್ಡ್ ಒಂದೇ ನೋಟಕ್ಕೆ ತೀರ್ಪು ಕೊಟ್ಟ. ನೂರು ವರ್ಷದ ಬೆಳ್ಳಿ ಹೀಗೆ ಫಳಫಳ ಹೊಳೆಯುವುದಿಲ್ಲ, ಇದು ಅಚ್ಚೊತ್ತಿದ್ದಲ್ಲ, ಎರಕ ಹೊಯ್ದ ಖೋಟಾ ಎಂದ. ನನಗೆ ಸಿಟ್ಟು ಬಂತು. ಎರಡು ದಿನ ಕೊಡು ಎಂದು ಹಟ ಹಿಡಿದೆ.

ತೂಕ ೨೪ ಗ್ರಾಂ, ಸರಿಯಾಗಿಯೇ ಇತ್ತು. ನಮ್ಮಲ್ಲಿದ್ದ ಅಸಲಿ ನಾಣ್ಯದ ಪಕ್ಕ ಮೈಕ್ರೋಸ್ಕೋಪಿನಡಿ ಇಟ್ಟೆ. ಅಚ್ಚಿನ ಸಣ್ಣ ಬಿರುಕೂ ಎರಡರಲ್ಲೂ ಒಂದೇ ಜಾಗದಲ್ಲಿತ್ತು; ಎರಕದಲ್ಲಿ ಉಳಿಯುವ ಗುಳ್ಳೆಗಳ ಗುರುತು ಎಲ್ಲೂ ಇರಲಿಲ್ಲ. ಆದರೆ ಮೈತುಂಬ ಗೀರು, ಅಕ್ಷರಗಳ ಸಂದಿಯಲ್ಲಿ ಬಿಳಿ ಪುಡಿ. ಆ ಪುಡಿಯನ್ನು ನನ್ನ ಅಜ್ಜಿಯ ದೇವರಮನೆಯಲ್ಲಿ ನೋಡಿದ್ದೆ.

ಮಹಾಂತೇಶನನ್ನು ಕರೆಸಿದೆ. ಊರಿನಿಂದ ಬಂದಿದ್ದ ತಾಯಿ ಶಾಂತವ್ವನೂ ಜೊತೆಗೆ ಬಂದರು. "ಅಮ್ಮಾ, ಇದನ್ನ ಏನು ಹಚ್ಚಿ ತಿಕ್ಕಿದ್ರಿ?" ಎಂದು ಕೇಳಿದೆ.

"ವಿಭೂತಿಲೆ ತಿಕ್ಕೀನ್ರಿ. ಲಕ್ಷ್ಮೀ ಪೂಜಾಕ್ಕ ಕರ್ರಗಿರೋ ಬೆಳ್ಳಿ ಇಡಾಕ ಬರತೈತೇನ್ರಿ?"

ಹೊಳಪಿನ ಗುಟ್ಟು ರಟ್ಟಾಯಿತು. ವರದಿಯ ಮೊದಲ ಸಾಲಿನಲ್ಲಿ 'ಅಸಲಿ', ಎರಡನೆಯದರಲ್ಲಿ 'ತಿಕ್ಕಿ ತೊಳೆದದ್ದು' ಎಂದು ಬರೆದೆ. ತಿಕ್ಕಿದ ನಾಣ್ಯದ ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

"ಆಂಟಿ, ಆ ಎರಡನೇ ಲೈನ್ ಡ್ರಾಪ್ ಮಾಡಾಕ ಬರಂಗಿಲ್ಲೇನ್ರಿ?" ಎಂದ ಮಹಾಂತೇಶ.

"ಆಗಲ್ಲಪ್ಪ. ಅದನ್ನ ಬಿಟ್ಟರೆ ಮೊದಲನೇ ಸಾಲನ್ನ ಯಾರೂ ನಂಬಲ್ಲ."

ಅನುಕೂಲದ ಸತ್ಯವನ್ನು ನಂಬಿಸಬೇಕಾದರೆ ಅನನುಕೂಲದ್ದನ್ನೂ ಬರೆಯಬೇಕು. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಶಾಂತವ್ವ ಕಣ್ಣೊರೆಸಿಕೊಂಡರು. "ಬರೀರಿ ತಂಗಿ. ತಿಕ್ಕಿದಾಕಿ ಅವನ ಅವ್ವ ಅಂತನೂ ಬರೀರಿ. ನನ್ನ ಮಗಾ ಮೋಸ ಮಾಡಿಲ್ಲ ಅನ್ನೂದಷ್ಟ ಮ್ಯಾಲ ಇರಲಿ."