ತಿರುಗಿ ಹಾಡಿದರೆ ಮುಂದಿನ ಸಾಲು

ಹಾಡು ಎತ್ತುವ ಮೊದಲು ನೆರೆಮನೆಯ ಆಂಟಿ ಗಂಟಲ ಕೆಳಗಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. ಆಮೇಲೆ ಹೊರಡುವ ದನಿ ಉರ್ವದ ನಮ್ಮ ಅಡ್ಡರಸ್ತೆಯ ತುದಿಯವರೆಗೆ ಕೇಳಿಸುತ್ತಿತ್ತು. ಮೈಕು ಕೊಟ್ಟರೆ ಅವರಿಗೆ ಅವಮಾನ.

ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರಕ್ಕೆ ರೋಸ್ ಎನ್ನುತ್ತಾರೆ. ಆಗ ವೊವಿಯೊ ಎಂಬ ಮದುವೆ ಹಾಡು ಹಾಡಲು ಆಂಟಿಯೇ ಬೇಕು. ಅವರು ಒಂದು ಸಾಲು ಹಾಡಬೇಕು, ನೆರೆದ ಹೆಂಗಸರು ಅದನ್ನೇ ತಿರುಗಿ ಹಾಡಬೇಕು. ಹಳೆಯ ಸಾಲುಗಳ ನಡುವೆ ಆಂಟಿ ಆ ಮನೆಯ ಕಥೆಯನ್ನೂ ಸೇರಿಸುತ್ತಿದ್ದರು: ದೋಣಿಯಲ್ಲಿ ಹೊಳೆ ದಾಟಿ ಬಂದ ಮುತ್ತಜ್ಜಿ, ಗಂಡ ಗಲ್ಫಿನಲ್ಲಿದ್ದಾಗ ಒಬ್ಬಳೇ ನಿಂತು ಮನೆ ಕಟ್ಟಿಸಿದ ಅತ್ತೆ. ಯಾರೂ ಬರೆದಿಡದ ಹೆಂಗಸರು ಆ ಒಂದು ಸಂಜೆ ಎಲ್ಲರ ಬಾಯಲ್ಲಿರುತ್ತಿದ್ದರು. ಪಕ್ಕದ ತುಳು ಮನೆಯ ನಾನು ಕಾಯಿ ತುರಿಯಲು ಹೋದವಳು, ಹಾಡಿಗೆ ಸಿಕ್ಕಿಬಿದ್ದೆ.

ಡಿಜೆ ಬಂದ ಮೇಲೆ ತಿರುಗಿ ಹಾಡುವವರು ಕಡಿಮೆಯಾದರು. ಹಾಡು ಉಳಿಯಲಿ ಎಂದು ಒಂದು ದಿನ ಅವರ ಮುಂದೆ ಮೊಬೈಲ್ ಇಟ್ಟೆ. ಒಂದು ಸಾಲು ಹಾಡಿ ಸುಮ್ಮನಾದರು.

"ಎಂತ ಆಂಟಿ, ಮರೆತುಹೋಯ್ತಾ?"

"ಮರೆತದ್ದಲ್ಲ ಮಾರಾಯ್ತಿ. ಅದು ತಿರುಗಿ ಹೇಳ್ಲಿ, ಮತ್ತೆ ಮುಂದಿನದ್ದು ಹೇಳ್ತೇನೆ."

ನಗು ಬಂತು, ಸಿಟ್ಟೂ ಬಂತು. ಇಂಥ ಹಟಮಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಮೊಬೈಲ್ ಬದಿಗಿಟ್ಟು ನಾನೇ ತಿರುಗಿ ಹಾಡಿದೆ. ಹೀಗೆ ಸಾಲು ಸಾಲಾಗಿ ಹಾಡೆಲ್ಲ ನನಗೆ ಬಾಯಿಪಾಠವಾಯಿತು.

ಮೊಮ್ಮಗಳ ರೋಸ್ ಬರುವ ಹೊತ್ತಿಗೆ ಆಂಟಿಯ ಉಸಿರು ಕುಂದಿತ್ತು. ಡಿಜೆ ನಿಲ್ಲಿಸಿ ಎಲ್ಲರೂ ಅವರತ್ತ ನೋಡಿದರು. ಅವರು ನನ್ನ ಕೈ ಹಿಡಿದು, "ನೀನು ಎತ್ತು" ಎಂದರು.

"ನಾನಾ? ನನ್ನ ಕೊಂಕಣಿ ಕೇಳಿದ್ರೆ ನಿಮ್ಮವರು ನಗ್ತಾರೆ."

"ನಗ್ಲಿ. ಕೇಳದೆ ನಗ್ಲಿಕ್ಕೆ ಆಗ್ತದಾ?"

ಎತ್ತಿದೆ. ಸಾಲು ಮುಗಿದರೂ ಯಾರೂ ಬಾಯಿ ತೆರೆಯಲಿಲ್ಲ. ಆಗ ಪಕ್ಕದ ಕುರ್ಚಿಯಲ್ಲಿದ್ದ ಆಂಟಿಯೇ, ಏದುಸಿರು ಬಿಡುತ್ತ, ಸಾಲನ್ನು ತಿರುಗಿ ಹಾಡಿದರು. ಮುಂದಿನ ಸಾಲಿಗೆ ಮದುಮಗಳು ಸೇರಿದಳು, ಆಮೇಲೆ ಸೊಸೆಯಂದಿರು, ನೆಂಟರು.

ಮನೆಯ ಕಥೆ ಹೇಳುವ ಹೊತ್ತು ಬಂದಾಗ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿ ಮಕ್ಕಳನ್ನು ಓದಿಸಿದ, ಊರಿನ ಮದುಮಗಳಂದಿರಿಗೆಲ್ಲ ಹಾಡಿದ ಒಬ್ಬ ಹೆಂಗಸಿನ ಮೇಲೆ ಸಾಲು ಕಟ್ಟಿದೆ. ಅದನ್ನು ಮಾತ್ರ ಆಂಟಿ ತಿರುಗಿ ಹಾಡಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಉಳಿದವರೆಲ್ಲ ಹಾಡಿದರು.

ಆ ಮಳೆಗಾಲದಲ್ಲೇ ಆಂಟಿ ತೀರಿಕೊಂಡರು. ಈಗ ಮಣ್ಣಗುಡ್ಡದಲ್ಲೋ ಶಕ್ತಿನಗರದಲ್ಲೋ ರೋಸ್ ಇದ್ದರೆ ನನ್ನನ್ನು ಕರೆಯುತ್ತಾರೆ. ಯಾರ ಮನೆಯಾದರೂ ಆಂಟಿಯ ಮೇಲೆ ಕಟ್ಟಿದ ಆ ಸಾಲನ್ನು ಬಿಡದೆ ಹಾಡುತ್ತೇನೆ. ಆ ಹೆಂಗಸು ಯಾರೆಂದು ಅಲ್ಲಿಯವರಿಗೆ ಗೊತ್ತಿರುವುದಿಲ್ಲ; ಆದರೂ ತಿರುಗಿ ಹಾಡುತ್ತಾರೆ.